ಅತಿಥಿ ಉಪನ್ಯಾಸಕರು ಬೇಕಾಗಿದ್ದಾರೆ ಎಂದು ಪ್ರಕಟಿಸುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ಇಟ್ಟುಕೊಂಡ ಸ್ನಾತಕೋತ್ತರ ವಿಭಾಗಗಳ ಮುಖ್ಯಸ್ಥರ, ಆಯ್ಕೆ ಸಮಿತಿಯ ಸದಸ್ಯರ, ಅರ್ಜಿ ಹಾಕಲಿರುವವರ ಗಮನಕ್ಕೆ.

ಸಮುದಾಯ ಸಹಭಾಗಿ ಸಂಶೋಧನೆ ಈಗ ಎಂ.ಎ., ಎಂ.ಎಸ್.ಡಬ್ಲ್ಯು. ಪಠ್ಯಕ್ರಮಗಳಲ್ಲಿ ಜಾಗ ಪಡೆಯುತ್ತಿದೆ. ಊರಿನವರ ಬಗ್ಗೆ ಬರೆಯುವುದಷ್ಟೇ ಸಾಲದು, ಏನನ್ನು ಕೇಳಬೇಕು, ಹೇಗೆ ಕೇಳಬೇಕು, ಸಿಕ್ಕಿದ್ದನ್ನು ಏನು ಮಾಡಬೇಕು ಎಂಬ ತೀರ್ಮಾನದಲ್ಲೂ ಊರಿನವರು ಇರಬೇಕು ಎನ್ನುವ ವಿಷಯ ಇದು. ಯುಜಿಸಿ ಸಮುದಾಯ ತೊಡಗುವಿಕೆಗೆಂದು ಮಾಡಿಕೊಟ್ಟ ಮಾದರಿ ಕೋರ್ಸು 2 ಕ್ರೆಡಿಟ್‌ನದು, 30 ಗಂಟೆಯದು, ಅದರಲ್ಲಿ ಕನಿಷ್ಠ ಅರ್ಧ ಕ್ಷೇತ್ರದಲ್ಲೇ ನಡೆಯಬೇಕು. ಹಾವೇರಿ ಜಿಲ್ಲೆಗೆ ಇದು ಹೇಳಿ ಮಾಡಿಸಿದ ವಿಷಯ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಕೆರಿಮತ್ತಿಹಳ್ಳಿ 2023ರಿಂದ ಹಾವೇರಿ ವಿಶ್ವವಿದ್ಯಾಲಯದ ನೆಲೆ. ಪಕ್ಕದ ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಎಲ್ಲ ಕಡೆಯಿಂದಲೂ ವಿದ್ಯಾರ್ಥಿಗಳು ಇವೇ ಹಳ್ಳಿಗಳ ಬಸ್ಸು ಹತ್ತುತ್ತಾರೆ.

ಇಂಥ ಕೋರ್ಸಿಗೆ ಕಾಯಂ ಅಧ್ಯಾಪಕರು ಸಿಗುವುದು ಅಪರೂಪ. ಕಾರ್ಯಭಾರ ಉಳಿಯಿತು, ಒಬ್ಬ ಅತಿಥಿ ಉಪನ್ಯಾಸಕರನ್ನು ತೆಗೆದುಕೊಳ್ಳಿ ಎಂದು ಟಿಪ್ಪಣಿ ಹೋಗುತ್ತದೆ. ಬೇರೆ ಪತ್ರಿಕೆಗೆ ಅದು ನಡೆದೀತು. ಈ ಪತ್ರಿಕೆಯಲ್ಲಿ ಆ ಉಪನ್ಯಾಸಕರು ಹಳ್ಳಿಗೆ ಹೋಗಿ ವಿಭಾಗದ ಪರವಾಗಿ ಮಾತು ಕೊಟ್ಟು ಬರುತ್ತಾರೆ. ಸೆಮಿಸ್ಟರ್ ಮುಗಿದ ದಿನ ಅವರ ಅವಧಿ ಮುಗಿಯುತ್ತದೆ, ಮಾತು ಹಾಗೇ ನಿಂತಿರುತ್ತದೆ. ಮುಂದಿನ ವರ್ಷ ಹೊಸಬರು ಅದೇ ಕಟ್ಟೆಯ ಮುಂದೆ ಇಳಿದಾಗ ಕೇಳಿಬರುವ ಪ್ರಶ್ನೆ ಒಂದೇ: “ಏನ್ರೀ ಸರ, ಹೋದ ವರ್ಷ ಬರಕೊಂಡ್ ಹೋದ್ರಲ್ಲ, ಅದು ಏನಾತ್ರಿ?” ಇದಕ್ಕೆ ಉತ್ತರ ಕೊಡುವ ಹೊಣೆ ವಿಭಾಗದ್ದು. ಕೆಳಗಿನ ಎಲ್ಲ ಸೂಚನೆಗಳೂ ಆ ಒಂದು ಹೊಣೆಯಿಂದ ಹುಟ್ಟಿದವು.

ಪ್ರಕಟಣೆ ಹೊರಡುವ ಮುನ್ನ

ಮೊದಲು ಹಳ್ಳಿ, ಆಮೇಲೆ ಪ್ರಕಟಣೆ. ಯಾವ ಊರಿನಲ್ಲಿ ಕೆಲಸ ನಡೆಯಲಿದೆಯೋ ಆ ಊರಿನ ಗ್ರಾಮ ಪಂಚಾಯಿತಿಗೆ, ಸ್ತ್ರೀಶಕ್ತಿ ಸಂಘಕ್ಕೆ, ಶಾಲೆಗೆ ವಿಭಾಗದ ಕಾಯಂ ಅಧ್ಯಾಪಕರೊಬ್ಬರು ಹೋಗಿ ಮಾತಾಡಿ ಬರಲಿ. ಹೋದವರ ಹೆಸರು, ಮಾತಾಡಿದ್ದು ಯಾರ ಹತ್ತಿರ, ಊರಿನವರು ಏನು ಕೇಳಿದರು ಎಂಬುದು ಒಂದು ಪುಟದಲ್ಲಿ ಬರಹವಾಗಿ ವಿಭಾಗದಲ್ಲಿ ಇರಲಿ. ಆ ಪುಟ ಇಲ್ಲದೆ ನೇಮಕ ಬೇಡ.

ಪ್ರಕಟಣೆಯಲ್ಲಿ ಕೋರ್ಸಿನ ಹೆಸರು, ವಾರದ ಗಂಟೆ, ಕ್ಷೇತ್ರಕಾರ್ಯದ ದಿನ, ಹಳ್ಳಿಗಳಿರುವ ತಾಲ್ಲೂಕು, ಗೌರವಧನ, ಪ್ರಯಾಣದ ವೆಚ್ಚ ಯಾರದ್ದು ಎಂಬುದೆಲ್ಲ ಇರಬೇಕು. “ಅರ್ಹರು ಮೂಲ ದಾಖಲೆಗಳೊಂದಿಗೆ ಹಾಜರಾಗತಕ್ಕದ್ದು” ಎಂಬ ಒಂದು ಸಾಲಿನ ಪ್ರಕಟಣೆ ಸಾಲದು. ಶಿಗ್ಗಾಂವಿ ಜಿಲ್ಲೆಯ ಉತ್ತರಕ್ಕೆ, ಹಿರೇಕೆರೂರು ದಕ್ಷಿಣದ ಅಂಚಿಗೆ. ಬೆಳಗ್ಗೆ ಒಂದು ತುದಿಯಲ್ಲಿ ಪಾಠ, ಮಧ್ಯಾಹ್ನ ಇನ್ನೊಂದು ತುದಿಯಲ್ಲಿ ಕ್ಷೇತ್ರಕಾರ್ಯ ಎಂಬ ವೇಳಾಪಟ್ಟಿಯನ್ನು ವಾಯವ್ಯ ಸಾರಿಗೆಯ ಬಸ್ಸಿನಲ್ಲಿ ಯಾರೂ ನಡೆಸಲಾರರು. ಅರ್ಜಿದಾರರಿಗೆ ಇದು ಮೊದಲೇ ಗೊತ್ತಿರಬೇಕು.

ಪ್ರಕಟಣೆಗೂ ಸಂದರ್ಶನಕ್ಕೂ ನಡುವೆ ಎರಡು ದಿನ ಮಾತ್ರ ಇಡಬೇಡಿ. ಯಾರನ್ನು ತೆಗೆದುಕೊಳ್ಳಬೇಕೆಂದು ಮೊದಲೇ ಗೊತ್ತಿರುವವರು ಮಾತ್ರ ಹಾಗೆ ಮಾಡುತ್ತಾರೆ ಎಂದು ಊರೆಲ್ಲ ಮಾತಾಡಿಕೊಳ್ಳುತ್ತದೆ, ಆ ಮಾತು ಬಹಳ ಸಲ ನಿಜವೂ ಆಗಿರುತ್ತದೆ.

ಮೀಸಲಾತಿ ರೋಸ್ಟರನ್ನು ಪಕ್ಕಕ್ಕಿಟ್ಟು “ತಾತ್ಕಾಲಿಕ ತಾನೆ” ಎನ್ನಬೇಡಿ. ಶಾಸಕರ ಕಚೇರಿಯ ಶಿಫಾರಸು ಪತ್ರ, ಮಠದಿಂದ ಬಂದ ಫೋನು, ಜಾತಿ ಸಂಘದ ಪದಾಧಿಕಾರಿಯ ಭೇಟಿ ಯಾವುದನ್ನೂ ಕಡತಕ್ಕೆ ಸೇರಿಸಬೇಡಿ, ಮನಸ್ಸಿಗೂ ಸೇರಿಸಬೇಡಿ. ಊರಿನ ಒಂದು ಓಣಿಯವರು ಕಳಿಸಿದ ಮೇಷ್ಟ್ರಿಗೆ ಇನ್ನೊಂದು ಓಣಿಯ ಬಾಗಿಲು ತೆರೆಯುವುದಿಲ್ಲ.

ಅರ್ಹತೆ

ನಿಯಮದಲ್ಲಿರುವುದನ್ನು ತಿದ್ದಬೇಡಿ. ಯುಜಿಸಿಯ 2018ರ ನಿಯಮಾವಳಿಯಂತೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರದ ಹೊರಗಿನ ಹಿಂದುಳಿದ ವರ್ಗ, ಅಂಗವಿಕಲ ಅಭ್ಯರ್ಥಿಗಳಿಗೆ ಶೇ 5 ಸಡಿಲಿಕೆ ಇದೆ. ಅದರ ಮೇಲೆ ನೆಟ್, ಕೆ-ಸೆಟ್ ಅಥವಾ ನಿಯಮಕ್ಕೆ ಒಪ್ಪುವ ಪಿಎಚ್.ಡಿ. ಅತಿಥಿ ಉಪನ್ಯಾಸಕರ ಬಗ್ಗೆ ಯುಜಿಸಿ 2019ರ ಜನವರಿಯಲ್ಲಿ ಕೊಟ್ಟ ಮಾರ್ಗಸೂಚಿ ಅವರ ಸಂಖ್ಯೆಯನ್ನು ಮಂಜೂರಾದ ಹುದ್ದೆಗಳ ಶೇ 20ಕ್ಕೆ ಮಿತಿಗೊಳಿಸಿದೆ, ಆಯ್ಕೆ ಸಮಿತಿಯ ಮೂಲಕವೇ ನೇಮಕ ಆಗಬೇಕೆಂದಿದೆ. ಖಾಲಿ ಹುದ್ದೆಗಳನ್ನು ತುಂಬದೆ ವರ್ಷಾನುಗಟ್ಟಲೆ ಅತಿಥಿಗಳಿಂದಲೇ ವಿಭಾಗ ನಡೆಸುವುದು ಆ ಮಾರ್ಗಸೂಚಿಯ ಉದ್ದೇಶವಲ್ಲ.

ನಿಯಮದ ಅರ್ಹತೆ ಇದ್ದವರೆಲ್ಲರಿಗೂ ಈ ಕೋರ್ಸು ಬಂದೇಬಿಡುವುದಿಲ್ಲ. ಪಟ್ಟಿಯಲ್ಲಿ ಉಳಿದವರ ಪೈಕಿ ಹಳ್ಳಿಯಲ್ಲಿ ನಿಂತು ಕೆಲಸ ಮಾಡಿದವರನ್ನು ಹುಡುಕಿ. ಲೇಖನಗಳ ಸಂಖ್ಯೆಯನ್ನು ಎಣಿಸುತ್ತ ಕೂರಬೇಡಿ, ದುಡ್ಡು ಕೊಟ್ಟು ಅಚ್ಚು ಹಾಕಿಸುವ ನಿಯತಕಾಲಿಕಗಳ ಕಾಲ ಇದು. ಅವರು ಸಂಶೋಧನೆ ಮಾಡಿದ ಊರಿಗೆ ಮತ್ತೆ ಎಂದಾದರೂ ಹೋಗಿದ್ದಾರೆಯೇ ಎಂದು ಕೇಳಿ. ಹೋಗಿದ್ದರೆ ಏನು ಒಯ್ದು ಕೊಟ್ಟರು ಎಂದು ಕೇಳಿ. ಈ ಎರಡು ಪ್ರಶ್ನೆಗಳು ಒಂದು ಗಂಟೆಯ ಸಂದರ್ಶನಕ್ಕಿಂತ ಹೆಚ್ಚು ಹೇಳುತ್ತವೆ.

ಪದವಿ ಇಲ್ಲದ ಬಲ್ಲವರ ಮಾತು ಬೇರೆ. ದೊಡ್ಡಾಟದ ಮಾಸ್ತರರು, ಗೊಂದಲಿಗರು, ಸೂಲಗಿತ್ತಿ ಅಜ್ಜಿಯರು, ಸವಣೂರಿನ ಎಲೆಬಳ್ಳಿ ತೋಟದಲ್ಲಿ ಆಯುಷ್ಯ ಕಳೆದವರು, ಹಾನಗಲ್ಲಿನ ಗದ್ದೆಗಳಲ್ಲಿ ಕೂರಿಗೆ ಬತ್ತದ ಲೆಕ್ಕ ಬಲ್ಲವರು ಈ ಕೋರ್ಸಿನ ತರಗತಿಗೆ ಬರಲೇಬೇಕು. ಅವರನ್ನು “ಸಂಪನ್ಮೂಲ ವ್ಯಕ್ತಿ” ಎಂದು ಕರೆದು ಶಾಲು ಹೊದಿಸಿ, ಚಹಾ ಕುಡಿಸಿ ಕಳಿಸಬೇಡಿ. ಯುಜಿಸಿ 2022ರಲ್ಲಿ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಎಂಬ ದಾರಿ ತೆರೆದಿದೆ. 15 ವರ್ಷದ ಅನುಭವ ಇದ್ದವರಿಗೆ ಅಲ್ಲಿ ಪದವಿಯ ಪತ್ರ ಕಡ್ಡಾಯವಲ್ಲ. 2023ರಲ್ಲಿ ಸ್ಥಳೀಯ ಕಲಾವಿದರನ್ನು, ಕುಶಲಕರ್ಮಿಗಳನ್ನು ವಿಶ್ವವಿದ್ಯಾಲಯಗಳಲ್ಲಿ ಇರಿಸಿಕೊಳ್ಳಲು ಪ್ರತ್ಯೇಕ ಮಾರ್ಗಸೂಚಿಯೇ ಬಂದಿದೆ. ಆ ದಾರಿಗಳನ್ನು ಬಳಸಿ. ಅತಿಥಿ ಉಪನ್ಯಾಸಕರ ಗೌರವಧನದಲ್ಲಿ ಅರ್ಧ ಮುರಿದು ಕಲಾವಿದರಿಗೆ ಕೊಡುವ ಏರ್ಪಾಡು ಮಾತ್ರ ಬೇಡ, ಇಬ್ಬರಿಗೂ ಅನ್ಯಾಯ.

ಭಾಷೆ

ಇಲ್ಲಿ ಕನ್ನಡ ಬರುತ್ತದೆ ಎಂದರೆ ಸಾಲದು, ಈ ಸೀಮೆಯ ಕನ್ನಡ ಕಿವಿಗೆ ಹತ್ತಬೇಕು. ಗೋವಿನಜೋಳ ಎಂದಾಗ ಯಾವ ಬೆಳೆ ಎಂದು ತಿಳಿಯದವರು, ಎಡೆಕುಂಟೆ ಹೊಡೆಯುವ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ ಎಂದು ಅರಿಯದವರು ಪ್ರಶ್ನಾವಳಿಯನ್ನು ಚೆನ್ನಾಗಿಯೇ ಮಾಡಿಯಾರು, ಉತ್ತರ ಮಾತ್ರ ಸಿಗುವುದಿಲ್ಲ. ಸವಣೂರು ನವಾಬರ ಊರು, ಉರ್ದು ಮನೆಮಾತಾದ ಓಣಿಗಳು ಅಲ್ಲಿ ಇವೆ. ತಾಂಡಾಗಳಲ್ಲಿ ಲಂಬಾಣಿ. ಒಬ್ಬರಿಗೇ ಇವೆಲ್ಲ ಬರಲಿ ಎಂದು ಷರತ್ತು ಹಾಕಬೇಡಿ. ಬಾರದ ಭಾಷೆಗೆ ಅದೇ ಓಣಿಯ, ಅದೇ ತಾಂಡಾದ ಓದಿದ ಯುವಕ ಯುವತಿಯರನ್ನು ಜೊತೆಗೆ ತೆಗೆದುಕೊಂಡು ಅವರಿಗೆ ದಿನಗೂಲಿಗಿಂತ ಕಡಿಮೆಯಾಗದ ಸಂಭಾವನೆ ಕೊಡಲು ವಿಭಾಗ ದುಡ್ಡು ಇಟ್ಟಿರಲಿ. ಮನೆಯ ಶಾಲೆ ಮಕ್ಕಳನ್ನು ದುಭಾಷಿಗಳನ್ನಾಗಿ ಕೂರಿಸಬಾರದು. ತಾಯಿ ತನ್ನ ಸಾಲದ, ಕಾಯಿಲೆಯ ಮಾತನ್ನು ಮಗುವಿನ ಬಾಯಲ್ಲಿ ಹೇಳಿಸಬೇಕಾಗುತ್ತದೆ.

ಆಯ್ಕೆಯ ದಿನ

ಕೋಣೆಯೊಳಗೆ ಹತ್ತು ನಿಮಿಷ ಕೂರಿಸಿ, “ಭಾಗವಹಿಸುವಿಕೆಯ ಸಂಶೋಧನೆಯ ವ್ಯಾಖ್ಯೆ ಹೇಳಿ” ಎಂದು ಕೇಳಿ ಕಳಿಸುವುದನ್ನು ಬಿಡಿ. ಅಭ್ಯರ್ಥಿಗೆ ಎರಡು ಕೆಲಸ ಕೊಡಿ. ಒಂದು, ಸಂಶೋಧನೆ ಯಾಕೆ, ಯಾರಿಗಾಗಿ, ಒಪ್ಪದಿದ್ದರೂ ಏನೂ ತೊಂದರೆಯಿಲ್ಲ ಎಂಬುದನ್ನು ಓದು ಬಾರದ ಅಜ್ಜಿಗೆ ತಿಳಿಯುವಂತೆ ಐದು ನಿಮಿಷ ಹೇಳಲಿ. ಇನ್ನೊಂದು, ಅದನ್ನೇ ಒಪ್ಪಿಗೆ ಪತ್ರವಾಗಿ ಅರ್ಧ ಪುಟದಲ್ಲಿ ಅಲ್ಲೇ ಕೂತು ಬರೆಯಲಿ. ಇಂಗ್ಲಿಷಿನಿಂದ ಇಳಿಸಿದ ಒಪ್ಪಿಗೆ ಪತ್ರದ ಭಾಷೆ ಕೋರ್ಟಿನ ನೋಟಿಸಿನಂತೆ ಇರುತ್ತದೆ. ಸಹಿ ಹಾಕಲು ಜನ ಹೆದರುತ್ತಾರೆ, ಇಲ್ಲವೇ ಓದದೆ ಹೆಬ್ಬೆಟ್ಟು ಒತ್ತುತ್ತಾರೆ. ಎರಡೂ ಒಪ್ಪಿಗೆಯಲ್ಲ.

ಮಾದರಿ ಪಾಠಕ್ಕೆ ಕ್ಷೇತ್ರದ ಹಳ್ಳಿಯಿಂದ ಇಬ್ಬರನ್ನಾದರೂ ಕರೆಸಿ, ಒಬ್ಬರು ಹೆಣ್ಣುಮಗಳಾಗಿರಲಿ. ಅಂಕ ಕೊಡುವ ಅಧಿಕಾರ ಸಮಿತಿಯದೇ. ಆದರೂ “ಇವರು ನಮ್ಮೂರಿಗೆ ಬಂದರೆ ಮಾತಾಡುತ್ತೀರಾ” ಎಂದು ಅವರನ್ನು ಕೇಳಿ, ಅವರು ಹೇಳಿದ್ದನ್ನು ನಡಾವಳಿಯಲ್ಲಿ ಬರೆದುಕೊಳ್ಳಿ. ಬಸ್ ಚಾರ್ಜು, ಆ ದಿನದ ಕೂಲಿ, ಊಟ ಕೊಟ್ಟು ಕಳಿಸಿ. ಸಮಿತಿಯ ಸದಸ್ಯರು ಮಾತಾಡುವ ಹೊತ್ತಿನಲ್ಲಿ ಅವರನ್ನು ಹೊರಗೆ ಬೆಂಚಿನ ಮೇಲೆ ಕಾಯಿಸಬೇಡಿ.

ಮದುವೆ ಆಗಿದೆಯೇ, ಮಕ್ಕಳಿದ್ದಾರೆಯೇ, ರಾತ್ರಿ ಹಳ್ಳಿಯಿಂದ ಒಬ್ಬರೇ ಬರುತ್ತೀರಾ ಎಂದು ಮಹಿಳಾ ಅಭ್ಯರ್ಥಿಗಳನ್ನು ಮಾತ್ರ ಕೇಳಬೇಡಿ. ಕತ್ತಲಾಗುವ ಮುನ್ನ ಮುಗಿಯುವ ಕ್ಷೇತ್ರಕಾರ್ಯ, ಹೋಗಿ ಬರಲು ಭರವಸೆಯ ವಾಹನ ಎಲ್ಲರಿಗೂ ಬೇಕು. ಅದನ್ನು ಒದಗಿಸುವುದು ವಿಭಾಗದ ಕೆಲಸ.

ಆದೇಶ ಪತ್ರ ಮತ್ತು ದುಡ್ಡು

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಈ ಕೋರ್ಸು ಕೆಡುವುದು ಹೆಚ್ಚಾಗಿ ಇಲ್ಲಿಯೇ.

ಯುಜಿಸಿಯ 2019ರ ಲೆಕ್ಕ ಒಂದು ಉಪನ್ಯಾಸಕ್ಕೆ ₹1,500, ತಿಂಗಳಿಗೆ ಗರಿಷ್ಠ ₹50,000. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2022ರ ಜನವರಿಯ ಆದೇಶ ವಾರಕ್ಕೆ 15 ಗಂಟೆಯ ಕಾರ್ಯಭಾರಕ್ಕೆ, ಅರ್ಹತೆ ಮತ್ತು ಅನುಭವ ನೋಡಿ, ₹26,000ದಿಂದ ₹32,000ದವರೆಗೆ ಗೌರವಧನ ಗೊತ್ತು ಮಾಡಿತು. ಅದೂ ಸಾಲದಾಗಿ ಅತಿಥಿ ಉಪನ್ಯಾಸಕರು 2023ರ ಕೊನೆಯಲ್ಲಿ ತರಗತಿ ಬಿಟ್ಟು ಧರಣಿ ಕೂತರು, 2024ರ ಹೊಸ ವರ್ಷದ ದಿನ ತುಮಕೂರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿಗೆ ನಡೆದೇ ಹೊರಟರು. ಈ ಹೋರಾಟದ ಹೊತ್ತಿನಲ್ಲಿ ಗೌರವಧನ ಹೆಚ್ಚಿತು. ವಿಶ್ವವಿದ್ಯಾಲಯಗಳ ವಿಭಾಗಗಳು ಇದನ್ನು ಮರೆಯಬಾರದು: ಬದುಕು ಸಾಗಿಸಲು ಮೂರು ಕಡೆ ಪಾಠ ಮಾಡುವವರು ಹಳ್ಳಿಯಲ್ಲಿ ಮಧ್ಯಾಹ್ನ ಕೂತು ಮಾತು ಕೇಳಲು ಹೊತ್ತು ಎಲ್ಲಿಂದ ತರಬೇಕು?

ಕ್ಷೇತ್ರಕಾರ್ಯದ ದಿನವನ್ನು ಗಂಟೆಗೆ ಹೇಗೆ ಪರಿವರ್ತಿಸುತ್ತೀರಿ ಎಂಬುದನ್ನು ಆದೇಶದಲ್ಲಿ ಬರೆಯಿರಿ. ಬೆಳಗ್ಗೆ ಏಳಕ್ಕೆ ವಿದ್ಯಾರ್ಥಿಗಳನ್ನು ಬಸ್ಸು ಹತ್ತಿಸಿ, ವರದಾ ದಂಡೆಯ ಊರಲ್ಲಿ ಸಂಜೆಯವರೆಗೆ ಇದ್ದು ಬಂದವರ ಬಿಲ್ಲಿನಲ್ಲಿ “ಎರಡು ಉಪನ್ಯಾಸ” ಎಂದು ಬರೆಯುವ ಪದ್ಧತಿ ತಪ್ಪು, ಅದನ್ನು ಇಂದೇ ನಿಲ್ಲಿಸಿ. ಮುಂಚಿತವಾಗಿ ಊರಿಗೆ ಹೋಗಿ ದಿನ ಗೊತ್ತುಮಾಡುವ ಓಡಾಟ, ವಿದ್ಯಾರ್ಥಿಗಳ ಟಿಪ್ಪಣಿ ತಿದ್ದುವ ಹೊತ್ತು, ಕೊನೆಗೆ ಊರಿಗೆ ಫಲಿತಾಂಶ ಒಪ್ಪಿಸುವ ದಿನ ಇವೂ ಲೆಕ್ಕಕ್ಕೆ ಬರಬೇಕು. ವಿದ್ಯಾರ್ಥಿನಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ಹುಡುಗರ ಟಿಕೆಟ್ಟಿನ ದುಡ್ಡು ಮೇಷ್ಟ್ರ ಜೇಬಿನಿಂದ ಹೋಗದಿರಲಿ.

ಗೌರವಧನ ತಿಂಗಳು ತಿಂಗಳು ಕೊಡಿ. ಸೆಮಿಸ್ಟರ್ ಮುಗಿದ ಮೇಲೆ ಒಟ್ಟಿಗೆ, ಅದೂ ಪರೀಕ್ಷಾ ಕೆಲಸ ಮುಗಿಸಿದ ಮೇಲೆ ಎಂದು ಕಾಯಿಸಬೇಡಿ. ಮೂಲ ಅಂಕಪಟ್ಟಿ ಇಟ್ಟುಕೊಳ್ಳಬೇಡಿ. ನ್ಯಾಕ್ ಕಡತ ಸಿದ್ಧಪಡಿಸುವುದು, ಸಮಾರಂಭದ ನಿರೂಪಣೆ, ಮುಖ್ಯಸ್ಥರ ಲೇಖನ ಟೈಪಿಸುವುದು ಈ ಹುದ್ದೆಯ ಕೆಲಸಗಳಲ್ಲ. ಹೇಳಿದರೆ ಇಲ್ಲ ಎನ್ನಲಾರದ ಸ್ಥಿತಿಯಲ್ಲಿ ಅವರಿರುತ್ತಾರೆ, ಆದ್ದರಿಂದಲೇ ಹೇಳಬಾರದು.

ಆಂತರಿಕ ಸಮಿತಿಯ ಸದಸ್ಯರ ಹೆಸರು, ದೂರವಾಣಿ ಆದೇಶದ ಜೊತೆಗೇ ಕೊಡಿ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ತಾತ್ಕಾಲಿಕ ನೌಕರರಿಗೂ ಅನ್ವಯ, ಕೆಲಸದ ನಿಮಿತ್ತ ಹೋದ ಹಳ್ಳಿಯೂ ಆ ಕಾನೂನಿನಲ್ಲಿ ಕೆಲಸದ ಸ್ಥಳವೇ.

ಊರಿನಲ್ಲಿ

ಅರ್ಜಿದಾರರೇ, ಇಲ್ಲಿಂದ ಮುಂದಿನದು ಹೆಚ್ಚಾಗಿ ನಿಮಗೆ. ವಿಭಾಗದವರೂ ಓದಬೇಕು.

ಕೈಯಲ್ಲಿ ಫಾರಂ ಹಿಡಿದು ಬಂದವರನ್ನು ಈ ಭಾಗದ ಜನ ಸರ್ಕಾರದ ಸರ್ವೆಯವರು ಎಂದುಕೊಳ್ಳುತ್ತಾರೆ. ಅದಕ್ಕೆ ಕಾರಣವಿದೆ. 2019ರ ಆಗಸ್ಟಿನ ನೆರೆಯಲ್ಲಿ ಮನೆ ಬಿದ್ದವರ ಬಾಗಿಲಿಗೆ ಫಾರಂ ಹಿಡಿದವರು ಬಂದು ಎ, ಬಿ, ಸಿ ಎಂದು ವಿಂಗಡಿಸಿದರು, ಆ ಒಂದು ಅಕ್ಷರದ ಮೇಲೆ ಪರಿಹಾರದ ಮೊತ್ತ ನಿಂತಿತ್ತು. ನೀವು ಗೋಡೆ ನೋಡಿ ಏನೋ ಬರೆದುಕೊಂಡರೆ ಮನೆಯವರಿಗೆ ಆಸೆ ಹುಟ್ಟುತ್ತದೆ. ಆದ್ದರಿಂದ ಮೊದಲ ಮಾತಿನಲ್ಲೇ ಹೇಳಿ: “ಅಕ್ಕಾರ, ನಾವು ಸರ್ಕಾರದಿಂದ ಬಂದಿಲ್ಲ. ಇದರಿಂದ ಮನೆ, ಪಿಂಚಣಿ, ಸಾಲ ಏನೂ ಬರೂದಿಲ್ಲ. ನೀವು ಬ್ಯಾಡ ಅಂದ್ರ ನಾವು ಹೊಕ್ಕೀವಿ.” ಇದನ್ನು ವಿದ್ಯಾರ್ಥಿಗಳ ಬಾಯಲ್ಲಿ ಮೊದಲು ತರಗತಿಯಲ್ಲಿ ಹೇಳಿಸಿ, ಆಮೇಲೆ ಊರಿಗೆ ಕರೆದೊಯ್ಯಿರಿ.

ಆಧಾರ್ ಸಂಖ್ಯೆ, ಬ್ಯಾಂಕಿನ ಪಾಸ್‌ಬುಕ್, ಪಡಿತರ ಚೀಟಿಯ ಫೋಟೊ ಯಾವ ಕಾರಣಕ್ಕೂ ತೆಗೆದುಕೊಳ್ಳಬಾರದು. ಸಾಲದ ಪ್ರಶ್ನೆಯಲ್ಲಿ ಇನ್ನೂ ಎಚ್ಚರ ಬೇಕು. ಮೈಕ್ರೊಫೈನಾನ್ಸ್ ವಸೂಲಿಯ ಕಿರುಕುಳ ಎಷ್ಟು ಏರಿತ್ತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬ ಪಟ್ಟಿ ವಿದ್ಯಾರ್ಥಿಯ ಮೊಬೈಲಿನಲ್ಲಿ ಹೆಸರು ಸಮೇತ ಉಳಿದರೆ ಅದು ಯಾರ ಕೈಗೆ ಹೋದೀತೆಂದು ಯಾರೂ ಹೇಳಲಾರರು. ಹೆಸರಿನ ಜಾಗದಲ್ಲಿ ಸಂಕೇತ ಬರೆಯಿರಿ, ಹೆಸರಿನ ಪಟ್ಟಿ ಬೇರೆ ಕಡೆ ಬೀಗದೊಳಗೆ ಇರಲಿ.

ಸವಣೂರಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. 2010ರ ಜುಲೈ 20ರಂದು ಅಲ್ಲಿನ ಭಂಗಿ ಸಮುದಾಯದ ಪೌರಕಾರ್ಮಿಕರು ತಮ್ಮನ್ನು ವಾಸದ ಜಾಗದಿಂದ ಎಬ್ಬಿಸುವುದರ ವಿರುದ್ಧ ಪುರಸಭೆಯ ಮುಂದೆ ಮಲವನ್ನು ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದರು. ನಾಡೇ ತಲೆ ತಗ್ಗಿಸಿದ ದಿನ ಅದು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ ಪುನರ್ವಸತಿಯ ಹೊಣೆ ಹೊರಿಸಿದ ಕೇಂದ್ರ ಕಾನೂನು 2013ರಲ್ಲಿ ಬಂತು. ಜಾತಿ, ದಲಿತ ಅಧ್ಯಯನ, ನಗರ ನೈರ್ಮಲ್ಯ ಎಂದು ಯಾವ ಶೀರ್ಷಿಕೆ ಇದ್ದರೂ ವಿದ್ಯಾರ್ಥಿಗಳನ್ನು ಗುಂಪಾಗಿ ಆ ಓಣಿಗೆ ಕರೆದೊಯ್ದು “ಆ ದಿನ ಏನಾಯಿತು ಹೇಳಿ” ಎಂದು ಕೇಳಿಸಬೇಡಿ. ಆ ನೋವನ್ನು ಪ್ರತಿ ಬ್ಯಾಚಿಗೂ ಹೊಸದಾಗಿ ಹೇಳುವ ಕೆಲಸ ಆ ಮನೆಗಳದ್ದಲ್ಲ. ಪತ್ರಿಕಾ ವರದಿಗಳು, ಸರ್ಕಾರಿ ದಾಖಲೆಗಳು ಇವೆ, ತರಗತಿಯಲ್ಲಿ ಅವನ್ನು ಓದಿಸಿ. ಊರಿನ ಆ ಓಣಿಯವರೇ ತಮಗೆ ಬೇಕಾದ ಸಂಶೋಧನೆ ಇದು ಎಂದು ಕರೆದರೆ ಆಗ ಹೋಗಿ, ಅವರು ಹೇಳಿದಷ್ಟು ಮಾಡಿ.

ಪ್ರಸಿದ್ಧ ಊರುಗಳಿಗೂ ವಿರಾಮ ಬೇಕು. ಕನಕದಾಸರ ಬಾಡ, ಶರೀಫರ ಶಿಶುವಿನಹಾಳ, ಸರ್ವಜ್ಞನ ಹೆಸರಿನೊಂದಿಗೆ ಸೇರಿಕೊಂಡ ಅಬಲೂರು ಇವುಗಳ ಕಡೆಗೇ ಎಲ್ಲ ವಿಭಾಗಗಳ ಕಾಲು ತಿರುಗುತ್ತದೆ. ಪಕ್ಕದಲ್ಲೇ ಯಾರೂ ಹೋಗದ ಹಳ್ಳಿಗಳಿವೆ, ತಾಂಡಾಗಳಿವೆ. ಪ್ರಶ್ನೆಗಳೂ ಅಲ್ಲಿ ಇವೆ. ಗೋವಿನಜೋಳ ಬಂದ ಮೇಲೆ ಊಟದ ತಟ್ಟೆಯಲ್ಲಿ ಏನು ಕಡಿಮೆಯಾಯಿತು, ಬೀಜದ ಹತ್ತಿಯ ಹೊಲದಲ್ಲಿ ಹೂವಿಗೆ ಹೂ ಮುಟ್ಟಿಸುವ ಕೆಲಸಕ್ಕೆ ಹುಡುಗಿಯರು ಶಾಲೆ ತಪ್ಪಿಸುತ್ತಿದ್ದಾರೆಯೇ, ಕೆರೆಯ ಹೂಳು ಯಾರ ಹೊಲಕ್ಕೆ ಹೋಯಿತು, ಕೂಲಿಗೆ ಗೋವೆಗೆ ಹೋದವರ ಮನೆಯ ಮುದುಕರನ್ನು ನೋಡಿಕೊಳ್ಳುವವರು ಯಾರು. ಇವು ನನಗೆ ಹೊಳೆದ ಪ್ರಶ್ನೆಗಳು. ಊರಿನವರು ಹೇಳುವ ಪ್ರಶ್ನೆ ಬೇರೆ ಇದ್ದರೆ ಇವನ್ನು ಬಿಟ್ಟುಬಿಡಿ, ಅವರದನ್ನು ತೆಗೆದುಕೊಳ್ಳಿ.

ಕಾಲ ನೋಡಿ. ಬಿತ್ತನೆಯ ಜೂನ್‌ನಲ್ಲಿ, ಗೋವಿನಜೋಳ ಮುರಿಯುವ ದಿನಗಳಲ್ಲಿ, ಹತ್ತಿ ಬಿಡಿಸುವ ಹೊತ್ತಿನಲ್ಲಿ ಗುಂಪು ಚರ್ಚೆ ಇಡಬಾರದು. ಒಂದು ದಿನದ ಕೂಲಿ ಕಳೆದುಕೊಂಡು ನಿಮ್ಮ ಮುಂದೆ ಕೂರುವವರು ಮರ್ಯಾದೆಗೆ ಕೂರುತ್ತಾರೆ, ಮಾತು ಮುಗಿಸುವ ಅವಸರ ಅವರ ಮುಖದಲ್ಲಿರುತ್ತದೆ. ವಿಶ್ವವಿದ್ಯಾಲಯದ ವೇಳಾಪಟ್ಟಿ ಊರಿನ ಸುಗ್ಗಿಗೆ ಹೊಂದಿಕೊಳ್ಳಲಿ. ಇದಕ್ಕೆ ಪರೀಕ್ಷಾಂಗದ ಒಪ್ಪಿಗೆ ಬೇಕಾದರೆ ಅದನ್ನು ಪಡೆಯುವುದು ಮುಖ್ಯಸ್ಥರ ಕೆಲಸ, ಅತಿಥಿಗಳದ್ದಲ್ಲ.

ಗೌಡರ ಮನೆಯಲ್ಲಿ ಉಂಡು, ಹರಿಜನಕೇರಿಯಲ್ಲಿ ನೀರು ಕೇಳದೆ ಬರುವವರು ಈ ಪಾಠ ಮಾಡಬಾರದು. ಊರು ಎಲ್ಲವನ್ನೂ ನೋಡುತ್ತಿರುತ್ತದೆ.

ಹೆಣ್ಣುಮಕ್ಕಳ, ಮಕ್ಕಳ ಫೋಟೊ ಕೇಳದೆ ತೆಗೆಯಬೇಡಿ. ಕೇಳಿ ತೆಗೆದದ್ದನ್ನೂ ವಿಭಾಗದ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ.

ದಾಖಲೆ ಯಾರದ್ದು

ಹಾಡಿನ ಧ್ವನಿಮುದ್ರಣ, ಸಂದರ್ಶನ, ಊರಿನವರು ಕೈಯಾರೆ ಬರೆದ ನಕಾಶೆ ಇವು ಈಗ ಹೆಚ್ಚಾಗಿ ಉಪನ್ಯಾಸಕರ ಸ್ವಂತ ಮೊಬೈಲಿನಲ್ಲಿರುತ್ತವೆ. ಅವಧಿ ಮುಗಿದು ಅವರು ಬೇರೆ ಜಿಲ್ಲೆಗೆ ಹೋದರೆ ಎಲ್ಲವೂ ಅವರ ಜೊತೆಗೆ ಹೋಗುತ್ತದೆ. ತಪ್ಪು ಅವರದಲ್ಲ, ಇಡಲು ಜಾಗ ಕೊಡದ ವಿಭಾಗದ್ದು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರ ರಾಂಪುರದ ಕ್ಷೇತ್ರಕಾರ್ಯದಿಂದ ಎಷ್ಟೋ ವರ್ಷ ಕೂತು ಸಿದ್ಧಪಡಿಸಿದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಇಟ್ಟ ಬೆಂಕಿಗೆ ಸುಟ್ಟುಹೋದವು, ಆ ಹಳ್ಳಿಯ ಬಗ್ಗೆ ಅವರು ನೆನಪಿನಿಂದ ಪುಸ್ತಕ ಬರೆಯಬೇಕಾಯಿತು. ಅದು 1976ರಲ್ಲಿ ಹೊರಬಂತು. ಅಂಥ ನೆನಪು ಎಲ್ಲರಿಗೂ ಇರುವುದಿಲ್ಲ. ಧ್ವನಿಮುದ್ರಣವಾದ ವಾರದೊಳಗೆ ಮೂರು ಪ್ರತಿ ಆಗಲಿ: ಒಂದು ವಿಭಾಗದಲ್ಲಿ, ಒಂದು ಉಪನ್ಯಾಸಕರಲ್ಲಿ, ಒಂದು ಹಾಡಿದವರ, ಹೇಳಿದವರ ಕೈಯಲ್ಲಿ. ಹೇಳಿದವರು ನಾಳೆ “ನನ್ನ ಮಾತು ತೆಗೆದುಬಿಡ್ರಿ” ಎಂದರೆ ಮೂರೂ ಕಡೆ ತೆಗೆಯಬೇಕು.

ಅತಿಥಿ ಉಪನ್ಯಾಸಕರು ಕಟ್ಟಿದ ಸಂಬಂಧದಿಂದ ಹುಟ್ಟಿದ ಲೇಖನದಲ್ಲಿ ಅವರ ಹೆಸರು ಇರಬೇಕು, ಅವರು ಕೆಲಸ ಬಿಟ್ಟು ಹೋದ ಮೇಲೆ ಅಚ್ಚಾದರೂ ಇರಬೇಕು. ಹಾಡಿದವರ, ಕತೆ ಹೇಳಿದವರ ಹೆಸರನ್ನು, ಅವರು ಒಪ್ಪಿದರೆ, ಅಡಿಟಿಪ್ಪಣಿಗೆ ತಳ್ಳದೆ ಮೇಲೆಯೇ ಹಾಕಿ.

ಅವಧಿ ಮುಗಿಯುವಾಗ

ವರದಿ ಕನ್ನಡದಲ್ಲಿ, ನಾಲ್ಕು ಪುಟ ಮೀರದಂತೆ, ದೊಡ್ಡ ಅಕ್ಷರದಲ್ಲಿ ಊರಿಗೆ ತಲುಪಲಿ. ಗ್ರಾಮಸಭೆ ಇದ್ದ ದಿನ ಅಲ್ಲಿ ಓದಿ. ವಿದ್ಯಾರ್ಥಿಗಳೇ ಓದಲಿ, ಊರಿನವರು ತಪ್ಪು ಎಂದದ್ದನ್ನು ಅಲ್ಲೇ ಬರೆದುಕೊಂಡು ತಿದ್ದಲಿ. ಇದು ಆಗದೆ ಆಂತರಿಕ ಅಂಕ ಕೊಡಬೇಡಿ.

ಉಪನ್ಯಾಸಕರ ಕೊನೆಯ ತಿಂಗಳ ಗೌರವಧನವನ್ನು ಈ ವರದಿಗಾಗಿ ತಡೆಹಿಡಿಯುವುದು ಮಾತ್ರ ಸಲ್ಲದು. ಹೊಣೆ ವಿಭಾಗದ್ದು ಎಂದ ಮೇಲೆ ಒತ್ತೆ ಇಡಬೇಕಾದ್ದು ಅವರ ಕೂಲಿಯನ್ನಲ್ಲ.

ಮತ್ತೆ ಅವರನ್ನೇ ತೆಗೆದುಕೊಳ್ಳುತ್ತೀರೋ ಇಲ್ಲವೋ ಎಂಬುದನ್ನು ಸೆಮಿಸ್ಟರ್ ಮುಗಿಯುವ ಒಂದು ತಿಂಗಳ ಮುಂಚೆ ಬರವಣಿಗೆಯಲ್ಲಿ ತಿಳಿಸಿ. ಹೊಸಬರು ಬರುವುದಾದರೆ ಹಳಬರೂ ಹೊಸಬರೂ ಸೇರಿ ಪ್ರತಿ ಹಳ್ಳಿಗೆ ಒಂದು ದಿನ ಹೋಗಲಿ, ಇಬ್ಬರಿಗೂ ಆ ದಿನಗಳ ಗೌರವಧನ ಕೊಡಿ. ಜೊತೆಗೆ ಕಾಯಂ ಅಧ್ಯಾಪಕರೊಬ್ಬರು ಇರಲೇಬೇಕು. ಊರಿಗೆ ಕೊಟ್ಟ ಮಾತುಗಳ ಪಟ್ಟಿಯಲ್ಲಿ ಏನು ಆಯಿತು, ಏನು ಉಳಿಯಿತು, ಉಳಿದದ್ದನ್ನು ಯಾರು ಯಾವ ತಿಂಗಳು ಮಾಡುತ್ತಾರೆ ಎಂಬುದನ್ನು ಪಂಚಾಯಿತಿಯಲ್ಲಿ ಓದಿ ಹೇಳಿ, ಮುಖ್ಯಸ್ಥರ ಸಹಿ ಇರುವ ಒಂದು ಪ್ರತಿಯನ್ನು ಅಲ್ಲಿನ ಕಾರ್ಯದರ್ಶಿಗೆ, ಇನ್ನೊಂದನ್ನು ಸ್ತ್ರೀಶಕ್ತಿ ಸಂಘದವರಿಗೆ ಕೊಟ್ಟು, ತಲುಪಿದ್ದಕ್ಕೆ ಸಹಿ ಪಡೆದು ಬನ್ನಿ.